ದೊಡ್ಡಮ್ಮ ನಿಲ್ಲುತ್ತಿದ್ದ ತಿರುವು

ನಮ್ಮ ದೊಡ್ಡಮ್ಮನ ಸಿಟ್ಟಿಗೆ ಒಂದು ನಿಶ್ಚಿತ ಸ್ಥಳವಿತ್ತು: ಮೂರನೆಯ ಮಹಡಿಯ ಮನೆಗೆ ಏರುವ ಮೆಟ್ಟಿಲಿನ ತಿರುವುಗಳು. ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಆಕೆ, ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಬಾಗಲರಿಯದ ಬೆನ್ನು, ಈ ಸಮಸ್ತ ಗಾಂಭೀರ್ಯದೊಡನೆ ಸಂಜೆ ಮನೆಗೆ ಬರುವಾಗ ತಿರುವುತಿರುವಿನಲ್ಲೂ ನಿಂತು, ಯಾವುದೋ ಲೋಪವನ್ನು ಸಾವಧಾನವಾಗಿ ದಿಟ್ಟಿಸಿ, ಆಮೇಲೆ ಬೈಯುತ್ತಿದ್ದರು. "ಈ ಬಲ್ಬು ಯಾವ ಕಾಲದ್ದು? ಕಂಬಿ ಅಲ್ಲಾಡ್ತಿದೆ, ಹೇಳೋರು ಕೇಳೋರು ಯಾರೂ ಇಲ್ವಾ?"

ಹಿಂದೊಮ್ಮೆ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಿಂದ ಅವರ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳೆದ್ದಿದ್ದವು. ಮಾತ್ರೆಗೆ ಅವು ಕರಗಿ, ಎಕ್ಸ್‌ರೇ ತಿಳಿಯಾಗಿ, ಮನೆಮಂದಿಯೆಲ್ಲ ಉಸ್ಸಪ್ಪಾ ಎಂದಿದ್ದೆವು. ಕಾಯಿಲೆ ಹೋಯಿತು, ಸಿಟ್ಟು ಉಳಿಯಿತು ಎಂಬುದು ನಮ್ಮ ನಗೆಮಾತಾಗಿತ್ತು.

ದೊಡ್ಡಪ್ಪನೋ, ಕೋಳಿಜಗಳಕ್ಕೂ ಹೆದರುವ ಸಾಧುಪ್ರಾಣಿ. ಹೆಂಡತಿಯ ನೆಮ್ಮದಿಗಾಗಿ ಬೈಸಿಕೊಂಡದ್ದನ್ನೆಲ್ಲ ಒಂದೊಂದಾಗಿ ಸರಿಪಡಿಸತೊಡಗಿದರು. ಬಲ್ಬು ಬದಲಾಯಿತು, ಕಂಬಿಗೆ ಬೆಸುಗೆ ಬಿತ್ತು, ಜೇಡನಿಗೂ ಎಡೆಯಿಲ್ಲದಂತೆ ಗೋಡೆಗೆ ಸುಣ್ಣವಾಯಿತು. ಆ ಸಂಜೆ ದೊಡ್ಡಮ್ಮ ಎರಡನೆಯ ತಿರುವಿನಲ್ಲಿ ನಿಂತು ಮೇಲೆ ನೋಡಿದರು, ಕೆಳಗೆ ನೋಡಿದರು. ಬೈಯಲು ಏನೂ ಸಿಗಲಿಲ್ಲ. ತುಟಿ ನೀಲಿಗಟ್ಟಿತ್ತು. ಎದೆಯ ಮೇಲಿನ ಸೀಟಿ ಎದ್ದು ಬೀಳುತ್ತಿತ್ತು.

"ಏನಾದ್ರೂ ಅನ್ನೇ," ಎಂದರು ಜೊತೆಗೆ ಏರುತ್ತಿದ್ದ ದೊಡ್ಡಪ್ಪ, ಗಾಬರಿಯಿಂದ.

"ಎಲ್ಲಾ ರಿಪೇರಿ ಮಾಡಿಟ್ರಲ್ಲ! ಇನ್ನು ನಾನೆಲ್ಲಿ ನಿಲ್ಲಲಿ?"

ದೊಡ್ಡಪ್ಪ ಅವರನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದರು. ಮರುದಿನವೇ ಕರೆದುಕೊಂಡು ಆಸ್ಪತ್ರೆಗೆ ಓಡಿದರು.

"ಶ್ವಾಸಕೋಶಕ್ಕೆ ಗಾಳಿ ಚೆನ್ನಾಗೇ ಹೋಗ್ತಿದೆ ಅಮ್ಮಾ, ರಕ್ತಕ್ಕೇ ಅಲ್ಲಿಗೆ ದಾರಿ ಇಲ್ಲ," ಎಂದರು ಡಾಕ್ಟರಮ್ಮ. ಗಂಟು ಕರಗಿದ್ದರೂ, ಪಕ್ಕದ ಗ್ರಂಥಿಗಳು ಊದಿ ಗಡುಸಾಗಿ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳವನ್ನು ಹೊರಗಿನಿಂದ ಹಿಸುಕಿದ್ದವು. ಬಲು ಅಪರೂಪವಂತೆ, ಹಾಗೇ ಬಿಟ್ಟರೆ ಹೃದಯವೇ ಸೋಲುವುದಂತೆ.

"ಬರೋದೂ ಬಂತು, ಅಪರೂಪದ್ದೇ ಬಂತು!" ದೊಡ್ಡಮ್ಮ ಆಸ್ಪತ್ರೆಯ ಮಂಚದ ಮೇಲೂ ಬೀಗಿದರು. ಡಾಕ್ಟರು ನಾಳದೊಳಗೆ ಬಲೂನು ಹಿಗ್ಗಿಸಿ, ಅದು ತೆರೆದೇ ಇರುವಂತೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸಿದರು. ಅಷ್ಟು ಹೊತ್ತೂ ದೊಡ್ಡಪ್ಪ ಹೊರಗೆ ಆ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅತ್ತರು.

ಮನೆಗೆ ಮರಳುವ ಹಿಂದಿನ ದಿನ ಎರಡನೆಯ ತಿರುವಿನ ಬಲ್ಬನ್ನು ಅವರೇ ಬಿಚ್ಚಿಟ್ಟಿದ್ದರು. ಹೆಂಡತಿಗೆ ನಿಲ್ಲಲು ಒಂದು ನೆವ ಬೇಕಲ್ಲ! ಮರುದಿನ ಹೆಂಡತಿಗಿಂತ ಮೊದಲೇ ಏರಿ, ಆಸ್ಪತ್ರೆಯಿಂದ ತಂದ ಚೀಲ ಹಿಡಿದು ಅಲ್ಲೇ ಕಾದು ನಿಂತರು. ದೊಡ್ಡಮ್ಮ ಅವರನ್ನು ದಾಟಿ, ಬಲ್ಬಿನ ಕಡೆ ಕಣ್ಣೆತ್ತದೆ, ನಿಧಾನವಾಗಿ ಏರುತ್ತಲೇ ಹೋದರು. ಕೊನೆಗೆ ಮೇಲಿನಿಂದ ಸೀಟಿ ಕೇಳಿಸಿತು, ಉದ್ದಕ್ಕೆ, ಉಸಿರು ಮುಗಿಯದಂತೆ.

"ಅಲ್ಲೇನ್ರೀ ನೋಡ್ತಾ ನಿಂತ್ರಿ? ಎಲ್ಲಾ ಸರಿಯಾಗೇ ಇದೆ, ಬನ್ನಿ!"

ಸಿಡುಕರೆಂದು ನಾವು ದೂರ ಸರಿಯುವ ಎಷ್ಟೋ ಮಂದಿ, ಕೇಳಲು ನಾಚಿ, ಒಂದು ಗುಕ್ಕು ಉಸಿರಿಗಾಗಿ ನಿಂತವರು. ಪಕ್ಕದಲ್ಲಿ ಚೀಲ ಹಿಡಿದು ನಿಲ್ಲುವವರು ಒಬ್ಬರಿದ್ದರೆ, ಅವರೂ ಮೇಲೇರುತ್ತಾರೆ.