ಬಾಣಂತಿಯ ಮನೆಗೆ ಬಂದ ಕಚೇರಿ

ಇಂಡೊನೇಷ್ಯಾದ ಸುರಬಾಯ ಬಂದರಿನ ಬದಿಯ ಹಡಗು ಸರಕಿನ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಸುಯಿತ್ನೊ. ಸರಕುಪಟ್ಟಿ ಮಾಡುತ್ತಿದ್ದವಳು ಪುರ್ವಂತಿ. ತೊಂಬತ್ತೇಳನೇ ಇಸವಿಯಲ್ಲಿ ಅವಳು ಹೆರಿಗೆಗೆಂದು ಮೂರು ತಿಂಗಳ ರಜೆ ಹಾಕಿ ಹೋದದ್ದೇ ತಡ, ಪಟ್ಟಿಗಳೆಲ್ಲ ತಲೆಕೆಳಗಾದವು. ಯಜಮಾನ ಕುಸ್ನಾದಿ ತಲೆಯ ಮೇಲೆ ಕೈಹೊತ್ತು ಕೂತಾಗ ಸುಯಿತ್ನೊ ತಾನಾಗಿಯೇ ಬಾಯಿಬಿಟ್ಟ.

"ಒಂದು ಮೋಡೆಮ್ ಇಲ್ಲಿ, ಇನ್ನೊಂದು ಪುರ್ವಂತಿ ಅಕ್ಕನ ಮನೇಲಿ. ಫೋನ್ ಲೈನ್ ಮೇಲೇ ಅಕ್ಕ ಮನೆಯಿಂದ ನಮ್ಮ ಕಂಪ್ಯೂಟರಿಗೆ ಬರ್ಬೋದು, ಯಜಮಾನ್ರೆ."

ಭೇಷ್ ಅನ್ನಿಸಿಕೊಳ್ಳುವ ಆಸೆ, ಅಷ್ಟೆ.

ಕುಸ್ನಾದಿ ಹೂಂ ಅಂದ. ಸುಯಿತ್ನೊ ಮರುದಿನವೇ ಕಂಪ್ಯೂಟರ್, ಮೋಡೆಮ್ ಹೊತ್ತು ಅವಳ ಮನೆಗೆ ಹೋದ. ಮಗುವಿಗೆ ಆಗ ಹನ್ನೆರಡು ದಿನ. ಪುರ್ವಂತಿಯ ತಾಯಿ ಕರಿದ ಬಾಳೆಹಣ್ಣು, ಚಹಾ ತಂದಿಟ್ಟು ಕೇಳಿದಳು: "ಬಾಣಂತಿ ಮನೆಗೇ ಕಚೇರಿ ತಂದ್ಬಿಟ್ರಲ್ಲ ಮಗಾ, ಇದು ಯಾರಿಗೆ ಹೊಳೀತು?"

"ಯಜಮಾನ್ರಿಗೆ, ಅಮ್ಮ," ಎಂದ. ಕೈಗೆತ್ತಿಕೊಂಡಿದ್ದ ಬಾಳೆಹಣ್ಣನ್ನು ತಟ್ಟೆಗೇ ವಾಪಸ್ ಇಟ್ಟ.

ಕಚೇರಿಯ ನಂಬರ್, ಪಾಸ್‌ವರ್ಡ್ ಹಾಕಿಕೊಟ್ಟ. ಮೋಡೆಮ್ ಕೀರಲು ದನಿಯಲ್ಲಿ ಕಿರುಚಿ ಕಚೇರಿಯ ಲೈನ್ ಹಿಡಿಯಿತು. ಮಗು ಬೆಚ್ಚಿ ಎದ್ದಿತು. ಪುರ್ವಂತಿ ಅದನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಪಟ್ಟಿ ತುಂಬಲು ಕೂತಳು. ಕುಸ್ನಾದಿ ಎಲ್ಲರೆದುರು ಸುಯಿತ್ನೊನ ಬೆನ್ನು ತಟ್ಟಿದ. ತಟ್ಟಿದ ಜಾಗ ಉರಿದಂತಾಯಿತು.

ಎರಡು ವಾರದ ಮೇಲೆ ಲೈನ್ ಸಿಗುತ್ತಿಲ್ಲವೆಂದು ಮತ್ತೆ ಹೋದ. ಪುರ್ವಂತಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ದಿನಾ ಕೆಲಸ ಏರ್ತಾನೇ ಇದೆ ತಮ್ಮಾ. ಹಾಲೂ ಕಮ್ಮಿ ಆಗಿದೆ. ಯಜಮಾನ್ರ ತಲೆಗೆ ಇದು ಯಾಕಾದ್ರೂ ಬಂತೋ."

ಅವನು ಬಿಚ್ಚಿದ ಮೋಡೆಮನ್ನು ಮೇಜಿನ ಮೇಲಿಟ್ಟ. "ಅವರ ತಲೇದಲ್ಲ ಅಕ್ಕ. ನಾನೇ ಹೇಳಿಕೊಟ್ಟಿದ್ದು. ನಿಮ್ಮನ್ನ ಒಂದ್ ಮಾತೂ ಕೇಳ್ಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, "ಹೇಗೂ ಬಿಚ್ಚಿದ್ದೀಯಲ್ಲ," ಎಂದಳು. "ಮತ್ತೆ ಜೋಡಿಸ್ಬೇಡ."

ಮೋಡೆಮನ್ನು ಚೀಲಕ್ಕೆ ತುರುಕಿ ನೇರವಾಗಿ ಕುಸ್ನಾದಿಯ ಎದುರು ನಿಂತ.

"ಅವರ ರಜಾ ಮುಗಿಯೋವರೆಗೂ ಪಟ್ಟಿ ನಾನು ಮಾಡ್ತೀನಿ."

"ನಿಂಗೆ ಬರುತ್ತೇನಯ್ಯ?"

"ಕಲೀತೀನಿ."

"ತಪ್ಪಾದ್ರೆ ನಿನ್ನ ತಲೆಗೇ ಕಟ್ತೀನಿ, ನೋಡು."

ತಪ್ಪುಗಳಾದವು. ಬೈಸಿಕೊಂಡ, ತಿದ್ದಿಕೊಂಡ, ಮತ್ತೆ ತಪ್ಪಿದ. ರಜೆ ಮುಗಿಸಿ ಬಂದ ಪುರ್ವಂತಿ ಅವನ ಪಟ್ಟಿಗಳನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಸರಿಪಡಿಸಿದಳು.

"ಮಗು ಹೇಗಿದೆ ಅಕ್ಕ?" ಎಂದು ಕೇಳಿದ.

"ಚೆನ್ನಾಗಿದೆ," ಎಂದಳು ತಲೆಯೆತ್ತದೆ. ಮಧ್ಯಾಹ್ನ ಬೇರೆಯವರೊಂದಿಗೆ ಊಟಕ್ಕೆ ಎದ್ದುಹೋದಳು. ಅವನು ಹಿಂದೆ ಹೋಗಲಿಲ್ಲ. ಕ್ಷಮಿಸಿ ಎಂದು ಅವಸರಪಡಿಸುವುದೂ ಇನ್ನೊಂದು ತಪ್ಪೇ ಎಂದು ಅವನಿಗೆ ಈಗ ತಿಳಿದಿತ್ತು.