ಕೆಂಪುಂಗುರದ ಕಾರ್ಡು

ದೇವಿಂದ್ರನ ಬಳಿ ಒಂದು ಕುರಿಯೂ ಇರಲಿಲ್ಲ. ಕುರಿ ಕಂಪನಿ ಮಾತ್ರ ಇತ್ತು. ಹೆಸರು ‘ಕುರಿ ಕನೆಕ್ಟ್’. ಶಹಾಪುರದ ಬಸ್ ಸ್ಟ್ಯಾಂಡಿನ ಎದುರು, ಮಿರ್ಚಿ ಭಜಿ ಕರಿಯುವ ಹೋಟೆಲಿನ ಮೇಲಿನ ಕೋಣೆಯಲ್ಲಿ ಅದರ ಪ್ರಧಾನ ಕಚೇರಿ. ಶಾಖಾ ಕಚೇರಿಗಳೆಲ್ಲ ಸದ್ಯಕ್ಕೆ ಅವನ ತಲೆಯೊಳಗಿದ್ದವು. ಅಲ್ಲಿ ಜಾಗಕ್ಕೇನೂ ಬರವಿರಲಿಲ್ಲ.

ಸುರಪುರದಲ್ಲಿ ಬಿ.ಕಾಂ. ಮುಗಿಸಿದವನಿಗೆ ಜ್ಞಾನೋದಯವಾದದ್ದು ಮೊಬೈಲಿನಲ್ಲಿ. ಕೋಟು ತೊಟ್ಟ ಗುರುವೊಬ್ಬ ದಿನವೂ ಅದರೊಳಗೆ ಪ್ರತ್ಯಕ್ಷನಾಗಿ, ಕಾಣದ ಕುಂಬಳಕಾಯಿಯೊಂದನ್ನು ಹಿಡಿದವನಂತೆ ಎರಡೂ ಅಂಗೈ ಎತ್ತಿ, “ನೀವು ಮನುಷ್ಯರಲ್ಲ, ನೀವೊಂದು ಬ್ರ್ಯಾಂಡ್” ಎನ್ನುತ್ತಿದ್ದ. ಮೊದಲ ಅರ್ಧವನ್ನು ದೇವಿಂದ್ರ ಅಲ್ಲೇ ಒಪ್ಪಿಕೊಂಡ. ಎರಡನೇ ಅರ್ಧಕ್ಕೆ ಕಾರ್ಡು ಬೇಕಿತ್ತು. ಕಾರ್ಡಿಲ್ಲದವನು ಲೋಕದಲ್ಲಿ ಇಲ್ಲವೇ ಇಲ್ಲ ಎಂದು ಗುರು ಹೇಳಿದ್ದ. ಅಂದಿನಿಂದ ದೇವಿಂದ್ರನ ಕೈಗಳೂ ಕುಂಬಳಕಾಯಿ ಹಿಡಿಯತೊಡಗಿದವು. ನಾಲಿಗೆ ಬೆಂಗಳೂರಿಗೆ ವರ್ಗವಾಯಿತು. ಕೆಳಗಿನ ಹೋಟೆಲಿನಲ್ಲಿ ಚಹಾ ಕೇಳುವಾಗಲೂ “ಒಂದ್ ಟೀ ಸಿಗುತ್ತಾ, ಬಾಸ್?” ಎನ್ನುವನು. ಹೋಟೆಲಿನವನಿಗೆ ತನ್ನ ಹೆಸರು ಬಾಸಪ್ಪ ಎಂದು ಇವನಿಗೆ ಯಾರು ಹೇಳಿದರೋ ಎಂಬ ಸಂಶಯ.

ಕಾರ್ಡು ಬೇಗನೆ ಬೇಕಿತ್ತು. ಹೈದರಾಬಾದಿನಲ್ಲಿ ಮದುವೆ ದಾವತ್ತುಗಳ ಅಡುಗೆ ಗುತ್ತಿಗೆ ಹಿಡಿಯುವ ಮಮ್ತಾಜ ಬೇಗಂ ಮುಂದಿನ ಕುರಿ ಸಂತೆಗೆ ಶಹಾಪುರಕ್ಕೆ ಬರುವವರಿದ್ದರು. ವಾರವಾರ ಕುರಿ ಒದಗಿಸಲು ಈ ಸೀಮೆಯಲ್ಲಿ ಒಬ್ಬರನ್ನು, ಒಬ್ಬರನ್ನೇ, ಗೊತ್ತುಮಾಡಿ ಹೋಗುವುದು ಅವರ ಉದ್ದೇಶ. ಆ ಒಬ್ಬ ತಾನೇ ಎಂದು ದೇವಿಂದ್ರ ಊರೆಲ್ಲ ಹೇಳಿಕೊಂಡಾಗಿತ್ತು. ಇದೊಂದು ಕೈತಪ್ಪಿದರೆ ಸುರಪುರಕ್ಕೆ ಮರಳಿ, ಗುಮಾಸ್ತ ಅಪ್ಪ ಗೊತ್ತುಮಾಡಿಟ್ಟ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು. ಅವನ ಯೋಜನೆಯೋ ಬಲು ಸರಳ: ಆ ಕಡೆ ಕುರಿಗಾರರು, ಈ ಕಡೆ ಬೇಗಂ, ನಡುವೆ ದೇವಿಂದ್ರ. ಹೀಗೆ ನಡುವೆ ಕೂಡುವುದನ್ನು ಉಳಿದವರು ದಲಾಲಿ ಎನ್ನುತ್ತಾರೆ. ಅವನು ನೆಟ್‌ವರ್ಕಿಂಗ್ ಎನ್ನುತ್ತಿದ್ದ.

ಲಾಂಛನ ಮಣ್ಣಿನಿಂದ ಬರಬೇಕು ಎಂದೂ ಗುರು ಹೇಳಿದ್ದ. ದೇವಿಂದ್ರ ಕಪ್ಪು ಕನ್ನಡಕ ಏರಿಸಿ, ಮಣ್ಣು ಹುಡುಕಲು ಬೈಕಿನಲ್ಲಿ ಹುಣಸಗಿ ಕಡೆ ಹೊರಟ. ದೇವಾಪುರದ ಹತ್ತಿರ ಹಿಂಡೊಂದು ರಸ್ತೆ ದಾಟುತ್ತಿತ್ತು. ಪ್ರತಿ ಕುರಿಯ ಹಿಂಬದಿಯ ಮೇಲೆ ಕೆಂಪು ಬಣ್ಣದ ಉಂಗುರ, ಉಂಗುರದೊಳಗೆ ಎರಡು ನೀಲಿ ಗೆರೆ. ದೇವಿಂದ್ರ ರೋಮಾಂಚನಗೊಂಡ. ಬೈಕ್ ನಿಲ್ಲಿಸಿ, ಮೊಣಕಾಲೂರಿ, ಕುರಿಯ ಅಂಡಿನ ಫೋಟೋ ತೆಗೆಯತೊಡಗಿದ.

ಕೋಲು ಹಿಡಿದು ಹಿಂಡಿನ ಹಿಂದೆ ಬರುತ್ತಿದ್ದ ಹೆಂಗಸು ಕೇಳಿದಳು: “ಯಾಕೋ ತಮ್ಮಾ, ಕುರಿಗಿ ಮುಖ ಇಲ್ಲೇನು?”

ಅವನು ಅವಳ ಮುಖವನ್ನೂ ನೋಡಲಿಲ್ಲ. “ಇದು ಡಿಸೈನ್ ವಿಷ್ಯ. ನಿಮಗೆ ಅರ್ಥ ಆಗಲ್ಲ, ಬಿಡಿ ಅಮ್ಮಾ” ಎಂದು ಕುಂಬಳಕಾಯಿ ಎತ್ತಿ ಇಳಿಸಿ, ಬೈಕ್ ಹತ್ತಿದ.

ಯಾದಗಿರಿಯ ಪ್ರೆಸ್ಸಿನ ಅಂಬ್ರಪ್ಪ ಹುಟ್ಟಿದಾಗಿನಿಂದ ಲಗ್ನಪತ್ರಿಕೆ ಅಚ್ಚು ಹಾಕಿದವನು. ಅವನ ಕಣ್ಣಿಗೆ ಖಾಲಿ ಕಾಗದವೆಂದರೆ ಯಾರನ್ನೋ ಕರೆಯಲು ಮರೆತಂತೆ.

“ಮ್ಯಾಲ ಗಣಪ್ಪನ್ನ ಕುಂದ್ರಸಲೇನ್ರಿ?”

“ಬೇಡ. ಪೂರಾ ಕಪ್ಪು. ನಡುವೆ ಈ ಉಂಗುರ, ಮಿಂಚೋ ಕೆಂಪಿನಲ್ಲಿ. ಗೆರೆ ಎರಡೂ ಉಬ್ಬಿ ಬೆರಳಿಗೆ ತಾಗಬೇಕು. ಉಳಿದದ್ದೆಲ್ಲ ಖಾಲಿ.”

“ಇಷ್ಟು ಜಾಗಾ ಖಾಲಿ ಬಿಟ್ರ ನಿಮ್ಮ ಕಾಕಾಗೋಳು ಸಿಟ್ಟಾಗಂಗಿಲ್ಲೇನ್ರಿ? ಸುಖಾಗಮನ ಬಯಸುವವರು ಅಂತ ಒಂದು ನಾಕ್ ಹೆಸರರೆ ಹಾಕ್ರಿ.”

“ಖಾಲಿ ಜಾಗಾನೇ ಮಾತಾಡುತ್ತೆ ಅಂಬ್ರಪ್ಪೋರೆ.”

“ಮತ್ತ ಅಕ್ಷರ ಯಾಕ ಬೇಕ್ರಿ?” ಎಂದು ಅಂಬ್ರಪ್ಪ ಗೊಣಗುತ್ತಲೇ ಕೆಳಗೆ ಸಣ್ಣದಾಗಿ ಅಚ್ಚು ಹಾಕಿಕೊಟ್ಟ: ದೇವಿಂದ್ರ, ಫೌಂಡರ್, ಸಿಇಓ, ಡ್ರೀಮರ್. ಅದರ ಕೆಳಗೆ ಫೋನ್ ನಂಬರು. ಮೂರು ಹುದ್ದೆಗಳಲ್ಲಿ ಕೊನೆಯದೊಂದೇ ನಿಜವಾಗಿತ್ತು.

ಕಾರ್ಡು ಚೆನ್ನಾಗಿ ಬಂದಿತ್ತು, ಅದನ್ನು ಒಪ್ಪಲೇಬೇಕು. ಕಪ್ಪಿನ ಮೇಲೆ ಕೆಂಪುಂಗುರ ಸಂಜೆಯ ಹಾಗೆ ಹೊಳೆಯುತ್ತಿತ್ತು. ಆದರೆ ಈ ಸೀಮೆಯಲ್ಲಿ ಕುರಿಗೆ ಬಣ್ಣ ಹಚ್ಚುವುದು ಅಂದಕ್ಕಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ಹಿಂಡು ಹಿಂಡಿನೊಳಗೆ ಬೆರೆತಾಗ ಬೇರ್ಪಡಿಸುವುದು ಅದೇ, ಜಗಳ ಬಿದ್ದಾಗ ಸಾಕ್ಷಿ ನುಡಿಯುವುದೂ ಅದೇ. ಕೆಂಪುಂಗುರ, ಎರಡು ನೀಲಿ ಗೆರೆ ಎಂದರೆ ದೇವಾಪುರದ ಸೌಭಾಗ್ಯಳ ಕುರಿ ಎಂದು ಸಂತೆಯಲ್ಲಿ ನಿಂತ ಯಾರಾದರೂ ಹೇಳುವರು. ಕಳೆದ ತಿಂಗಳು ಅವಳ ಹಟ್ಟಿಗೆ ಕಳ್ಳರು ನುಗ್ಗಿ, ಒಂದಷ್ಟು ಟಗರು ಹೊಡೆದುಕೊಂಡು ಹೋಗಿದ್ದರು. ಆ ಗುರುತು ಎಲ್ಲಾದರೂ ಕಂಡೀತೆಂದು ಸಂತೆಗೆ ಸಂತೆಯೇ ಕಣ್ಣಿಟ್ಟು ಕಾಯುತ್ತಿತ್ತು. ಇದಾವುದೂ ಕುರಿ ಕಂಪನಿಯ ಒಡೆಯನಿಗೆ ಗೊತ್ತಿರಲಿಲ್ಲ. ಮೊಬೈಲಿನ ಗುರುವಿನ ಪಾಠದಲ್ಲಿ ಕುರಿ ಬಂದಿರಲಿಲ್ಲವಲ್ಲ!

ಸಂತೆಯ ದಿನ ದೇವಿಂದ್ರ ಬಿಳಿ ಬೂಟು ಹಾಕಿಕೊಂಡು ಬಂದ. ಕುರಿ ಸಂತೆಗೆ ಬಿಳಿ ಬೂಟು! ಹತ್ತು ಹೆಜ್ಜೆ ಇಡುವುದರೊಳಗೆ ಸಂತೆ ಬೂಟಿನ ಮೇಲೆ ತನ್ನ ಮುದ್ರೆ ಒತ್ತಿ ಕಳಿಸಿತು.

ಮೊದಲು ಸಿಕ್ಕವನು ಹಳೇ ದಲಾಲಿ ರಂಗಣ್ಣ. ಸಂತೆಯ ಪದ್ಧತಿಯಂತೆ ಅವನು ಟವಲಿನಡಿ ಕೈ ಚಾಚಿದ. ಬೆರಳು ಮುಟ್ಟಿ ಬೆಲೆ ಹೇಳುವ ಗುಟ್ಟಿನ ವ್ಯಾಪಾರವದು. ದೇವಿಂದ್ರ ಆ ಕೈಯಲ್ಲಿ ಕಾರ್ಡು ಇಟ್ಟ.

ರಂಗಣ್ಣ ಟವಲೊಳಗೇ ತಡವರಿಸಿದ. “ಇದೆಂಥಾ ಬೆರಳೋ ನಿಂದು, ಸಪಾಟ?”

“ನನ್ನ ಕಾರ್ಡು ಸರ್. ಲೆಟ್ಸ್ ಕನೆಕ್ಟ್.”

ರಂಗಣ್ಣ ಕಾರ್ಡನ್ನು ಬಿಸಿಲಿಗೆ ಹಿಡಿದು ನೋಡಿದ. ದೇವಿಂದ್ರನ ಮುಖ ನೋಡಿದ. ಮತ್ತೆ ಕಾರ್ಡು ನೋಡಿದ. ಅದನ್ನು ಪಕ್ಕದವನಿಗೆ ದಾಟಿಸಿದ. ಅವನು ಮತ್ತೊಬ್ಬನಿಗೆ ಕೊಟ್ಟ. ತುಸು ಹೊತ್ತಿನಲ್ಲೇ ಜನ ತಾವಾಗಿ ಬಂದು, “ನನಗೊಂದು ಕೊಡ್ರಿ”, “ಏ, ಇಲ್ಲೊಂದು” ಎಂದು ಕೈಯೊಡ್ಡತೊಡಗಿದರು. ದೇವಿಂದ್ರನ ಎದೆ ಉಬ್ಬಿತು. ಗುರು ಹೇಳಿದ ನೆಟ್‌ವರ್ಕು ಕಣ್ಣೆದುರೇ ಹೆಣೆದುಕೊಳ್ಳುತ್ತಿತ್ತು. ಅದು ಬಲೆಯೆಂದು ಅವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಜೀಪು ನಿಂತು ಮಮ್ತಾಜ ಬೇಗಂ ಇಳಿದರು. ಹುಟ್ಟಿದ್ದು ಗುರುಮಠಕಲ್ ಕಡೆ, ಬೆಳೆದು ಬಾಳಿದ್ದು ಹೈದರಾಬಾದಿನಲ್ಲಿ. ಗುಂಪು ನೋಡಿ ಅತ್ತಲೇ ಬಂದರು. “ಕ್ಯಾ ಹೈ? ಏನ್ ಗದ್ದಲ ಇದು?”

ರಂಗಣ್ಣ ದೇವಿಂದ್ರನ ಕಡೆ ತಿರುಗಿ ಸಣ್ಣ ದನಿಯಲ್ಲಿ, ಮೇಕೆಗೆ ಸೊಪ್ಪು ತೋರಿಸುವವನಂತೆ ಕೇಳಿದ: “ಸಾಹೇಬ್ರ, ಈ ಗುರ್ತಿನ ಕುರಿ ನಿಮ್ಮಲ್ಲಿ ಅದಾವೇನ್ರಿ?”

ಬೇಗಂ ಕೇಳಿಸಿಕೊಳ್ಳುತ್ತಿದ್ದಾರೆ. ದೇವಿಂದ್ರ ಕುಂಬಳಕಾಯಿ ಎತ್ತಿದ. “ಇದಾವಾ ಅಂದ್ರೆ? ಈ ಗುರುತಿನ ಕುರಿ ಎಲ್ಲಾ ನಮ್ಮವೇ! ಸೇಫ್ ಜಾಗದಲ್ಲಿ ಇಟ್ಟಿದೀವಿ. ಮೇಡಂಗೆ ಎಷ್ಟು ಬೇಕೋ ಅಷ್ಟು, ಯಾರಿಗೂ ತಿಳಿಯದ ಹಾಗೆ ಡೆಲಿವರಿ.”

ರಂಗಣ್ಣ ಅವನ ಕಾಲರು ಹಿಡಿದ. “ಕೇಳಿದ್ರೇನಪಾ ಎಲ್ಲಾರೂ? ತಾನೇ ಬಾಯ್ ಬಿಟ್ಟಾನ! ಫೌಂಡರ್ ಅಂತ ಬರಸ್ಯಾನ ನೋಡ್ರಿ. ಫೌಂಡ್ ಅಂದ್ರ ಸಿಕ್ತು ಅಂತ ಅಲ್ಲೇನು? ಕಳಕೊಂಡಾಕಿ ಸೌಭಾಗ್ಯ, ಫೌಂಡರ್ ಇಂವ! ಕಳ್ಳತನಕ್ಕ ಕಾರ್ಡ್ ಹೊಡಿಸಿದಂವನ್ನ ಇವತ್ತೇ ನೋಡಿದ್ದು ನಾ.”

“ಪೊಲೀಸರಿಗಿ ಫೋನ್ ಹಚ್ಚು!”

“ಫೋನ್ ಯಾಕ? ಇವನ ಕಾರ್ಡೇ ಕೊಟ್ಟು ಕಳಸು!”

ದೇವಿಂದ್ರನ ನಾಲಿಗೆ ಒಂದೇ ಏಟಿಗೆ ಬೆಂಗಳೂರಿನಿಂದ ಸುರಪುರಕ್ಕೆ ಬಂದಿಳಿಯಿತು. “ಯಪ್ಪಾ! ನಾ ಅಲ್ರೀ! ನಮ್ಮವ್ವ ದೇವಕಮ್ಮನ ಆಣಿ, ನಾ ಅಲ್ರೀ!”

ಗುಂಪು ಬಿಚ್ಚಿ ದಾರಿಯಾಯಿತು. ಕೋಲು ಹಿಡಿದ ಹೆಂಗಸೊಬ್ಬಳು ಬಂದು ನಿಂತಳು. ಇವಳೇ ಸೌಭಾಗ್ಯ. ಕಾರ್ಡು ಇಸಿದುಕೊಂಡು ತಿರುಗಿಸಿ ನೋಡಿದಳು. ಬೆರಳಿನಿಂದ ಎರಡೂ ಗೆರೆ ಸವರಿದಳು. ಕಳೆದುಹೋದ ಟಗರಿನ ಬೆನ್ನನ್ನೇ ಮುಟ್ಟಿದಂತೆ ಒಂದು ಕ್ಷಣ ಅವಳ ಮುಖ ಸಣ್ಣಗಾಯಿತು. ಆಮೇಲೆ ದೇವಿಂದ್ರನನ್ನು ನೋಡಿದಳು, ಆ ಮುಖ ಮೊದಲಿನಂತಾಯಿತು.

“ಹೇಳಪಾ ತಮ್ಮಾ. ಕುರಿ ನಿಂದೋ, ನಂದೋ? ನಿಂದು ಅಂದ್ರ ನೀ ಕಳ್ಳ. ನಂದು ಅಂದ್ರ ಈ ಕಾರ್ಡ್ ಸುಳ್ಳ. ಬೇಗಂ ಸಾಹೇಬ್ರು ನಿಂತಾರ, ಲಗೂನ ಹೇಳು.”

ದೇವಿಂದ್ರ ಬೇಗಂ ಕಡೆ ನೋಡಿದ. ನಿಜ ಹೇಳಿದರೆ ಕಂಪನಿ ಮುಳುಗುತ್ತದೆ. ಹೇಳದಿದ್ದರೆ ತಾನು. ಕಾಲರಿನ ಮೇಲೆ ರಂಗಣ್ಣನ ಹಿಡಿತ ಬಿಗಿಯಾಯಿತು.

“ನನ್ನ ಹಂತೇಕ ಕುರಿ ಇಲ್ರೀ” ಎಂದ.

“ಜೋರಾಗಿ!”

“ಒಂದೂ ಇಲ್ರೀ! ನಾ ಕುರಿ ಸಾಕಿಲ್ಲ, ಕೊಂಡಿಲ್ಲ, ಮಾರಿಲ್ಲ. ಗಂಡ್ಯಾವುದು ಹೆಣ್ಯಾವುದು ಅಂತ ಸುದ್ದಾ ಗೊತ್ತಾಗಂಗಿಲ್ರೀ! ರಸ್ತೆದಾಗ ಚಂದ ಕಂಡ್ತು, ಫೋಟೋ ಹೊಡ್ಕೊಂಡೀನ್ರೀ ಅಷ್ಟ!”

ಸಂತೆ ನಕ್ಕಿತು. ಕಟ್ಟಿದ ಕುರಿಗಳು ಕೂಡ ಬ್ಯಾ ಎಂದವು, ಅವುಗಳಿಗೆ ಮೊದಲೇ ಗೊತ್ತಿದ್ದಂತೆ.

“ಬಿಡೋ ರಂಗಣ್ಣಾ, ಇಂವ ಕಳ್ಳ ಅಲ್ಲ” ಎಂದಳು ಸೌಭಾಗ್ಯ. “ನಮ್ಮ ಕುರಿ ಅಂಡಿನ ಫೋಟೋ ಹೊಡ್ದಂವ ಇವನೇ. ಕರಿ ಕನ್ನಡಕ ಇಂವನ ಕಣ್ಣ ಮ್ಯಾಲ ಇತ್ತು, ನನ್ನ ಕಣ್ಣ ಮ್ಯಾಲ ಅಲ್ಲ. ನಾ ಬರೋಬ್ಬರಿ ನೋಡೀನಿ.”

“ಮತ್ತ ಮೊದಲೇ ಯಾಕ ಹೇಳಲಿಲ್ಲ ಅಕ್ಕಾ?” ದೇವಿಂದ್ರ ಅಳುವ ದನಿಯಲ್ಲಿ ಕೇಳಿದ.

ಸೌಭಾಗ್ಯ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಅಂಗೈ ಎತ್ತಿ, ಕಾಣದ ಕುಂಬಳಕಾಯಿ ಹಿಡಿದು, ಮೂಗಿನಿಂದ ದನಿ ತೆಗೆದಳು: “ಇದು ಡಿಸೈನ್ ವಿಷ್ಯ. ನಿಮಗೆ ಅರ್ಥ ಆಗಲ್ಲ, ಬಿಡಿ ಅಮ್ಮಾ.”

ದೇವಿಂದ್ರನಿಗಿಂತ ಹೆಚ್ಚು ದೇವಿಂದ್ರನ ಹಾಗಿತ್ತು. ಬೇಗಂ ನಗುತ್ತ ಕಣ್ಣೊರೆಸಿಕೊಂಡರು. ಆಮೇಲೆ ಕಾರ್ಡು ಹಿಡಿದುಕೊಂಡೇ ಸೌಭಾಗ್ಯಳ ಕುರಿಗಳ ಬಳಿ ಹೋದರು. ಒಂದೊಂದರ ಬೆನ್ನು ಅದುಮಿದರು, ಹಲ್ಲು ನೋಡಿದರು, ಉಂಗುರವನ್ನು ಕಾರ್ಡಿಗೆ ಹೋಲಿಸಿದರು.

“ಅರೇ, ಇಡೀ ಸಂತೀನೇ ನೋಡಿದ ಕೂಡ್ಲೇ ಇದು ಯಾರ ಮಾಲು ಅಂತ ಹೇಳ್ತದ. ನನಗ ಬೇಕಾಗಿದ್ದು ಇದೇ. ವಾರವಾರ ಕೊಡಾಕ ಆಗ್ತದೇನಮ್ಮ ನಿನಗ?”

“ನಮ್ಮವು, ನಮ್ಮ ಮಂದೀವು ಸೇರ್ಸಿ ಕೊಡ್ತೀನ್ರಿ.”

“ಹಾಂಗಾದ್ರ ಈ ಕಾರ್ಡು ನಾ ಇಟ್ಕೊತೀನಿ. ಖರೇ ಛಲೋ ಅದ.”

“ತಡೀರಿ, ಒಂದೀಟು ತಪ್ಪು ಅದ ಅದರಾಗ” ಎಂದಳು ಸೌಭಾಗ್ಯ. ಕೊಂಡ ಕುರಿಗೆ ಗುರುತು ಹಾಕಲು ರಂಗಣ್ಣ ಇಟ್ಟುಕೊಂಡಿದ್ದ ಬಣ್ಣದ ಡಬ್ಬಿಗೆ ಹೆಬ್ಬೆಟ್ಟು ಅದ್ದಿ, ದೇವಿಂದ್ರ, ಫೌಂಡರ್, ಸಿಇಓ, ಡ್ರೀಮರ್ ಇಷ್ಟರ ಮೇಲೂ ಒತ್ತಿ ಎಳೆದಳು. ನಂಬರಿನ ಹತ್ತಿರ ಬಂದು ಬೆರಳು ನಿಲ್ಲಿಸಿ, ದೇವಿಂದ್ರನ ಕಡೆ ತಿರುಗಿದಳು.

“ಇದು ಇರ್ಲಿ. ನನ್ನ ಫೋನು ಅಡವ್ಯಾಗ ಹತ್ತಂಗಿಲ್ಲ. ನಿನಗೇನು, ಬಸ್ ಸ್ಟ್ಯಾಂಡ್ ಎದುರೀಗೇ ಕುಂತಿರ್ತಿ. ಬೇಗಂ ಸಾಹೇಬ್ರು ಫೋನ್ ಹಚ್ಚಿದ್ರ ದೇವಾಪುರಕ್ಕ ಬಂದು ಹೇಳಿ ಹೋಗು. ಆಗ್ತದಿಲ್ಲೋ? ಇಲ್ಲಾಂದ್ರ ರಂಗಣ್ಣ ಇಲ್ಲೇ ಅದಾನ.”

ರಂಗಣ್ಣ ಕಾಲರಿನ ಕಡೆ ಮತ್ತೆ ಕೈ ಒಯ್ದ. ದೇವಿಂದ್ರ ಆಗ್ತದೆಂದ. ಉಳಿದ ಕಾರ್ಡಿನ ಕಟ್ಟನ್ನೂ ಅವಳೇ ಇಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಕಂಪನಿ ಮುಚ್ಚಿ ಸುರಪುರಕ್ಕೆ ಮರಳಿದ ದೇವಿಂದ್ರನಿಗೆ ಗೊಬ್ಬರದ ಅಂಗಡಿಯವನು, ಕಾರ್ಡು ಬೇಡ, ಬುದ್ಧಿ ಇದ್ದರೆ ಸಾಕು ಎಂದನಂತೆ. ಆದರೂ ಸೇರಿಸಿಕೊಂಡ. ಹೊಸ ಗುಮಾಸ್ತ ಯೂರಿಯಾ ಚೀಲ ಎಣಿಸುತ್ತಿರುವಾಗ ಫೋನು ರಿಂಗಾಗುತ್ತದೆ. ಗಿರಾಕಿಗಳೆದುರೇ ಅವನು ಅದನ್ನು ಕಿವಿಗೆ ಹಿಡಿದು, ಇನ್ನೊಂದು ಅಂಗೈಯನ್ನು ಅಭ್ಯಾಸಬಲದಿಂದ ಮೇಲೆತ್ತಿ ಹೇಳುತ್ತಾನೆ:

“ಸೌಭಾಗ್ಯಕ್ಕನ ಕುರೀರಿ. ಹೇಳ್ರಿ ಬೇಗಂ ಸಾಹೇಬ್ರ, ಈ ವಾರ ಎಷ್ಟು?”