ಭಾನುವಾರದ ದುಪ್ಪಟಿ

ನಾನು ಬಟ್ಟೆ ಒಣಹಾಕುವ ಒಂದು ಹಗ್ಗ. ಹಾಲೆಂಡಿನ ಒಂದು ಬಂದರಿನಲ್ಲಿ, ಹಡಗಿನ ಹಗ್ಗಗಳ ಜೊತೆಯಲ್ಲೇ ನನ್ನನ್ನೂ ಸೆಣಬಿನ ನಾರಿನಿಂದ ಹೊಸೆದರು. ಅವು ಸಮುದ್ರ ಕಂಡವು; ನನ್ನ ಹಣೆಯಲ್ಲಿ ಬರೆದದ್ದು ಒದ್ದೆ ಬಟ್ಟೆ. ಆದರೂ ಎಷ್ಟು ಭಾರ ಹೇರಿದರೂ ಹರಿಯುವ ಜಾತಿ ನನ್ನದಲ್ಲ ಎಂದು ಬೀಗುತ್ತಿದ್ದೆ. ಈಗ ಆ ಜಂಬ ನೆನೆದರೆ ನಾಚಿಕೆಯಾಗುತ್ತದೆ.

ನನ್ನನ್ನು ಕೊಂಡವಳು ಆಲ್ಚೆ. ಅವಳ ಗಂಡ ಹಾರ್ಮ್ ಹಳ್ಳಿಯಲ್ಲಿ ಮರದ ಪಾದರಕ್ಷೆ ಕೆತ್ತುತ್ತಿದ್ದ. ಮಕ್ಕಳಿರಲಿಲ್ಲ. ಹಿತ್ತಿಲಲ್ಲಿ ಎದೆಮಟ್ಟದ ದಟ್ಟ ಬೇಲಿಗಿಂತ ತುಸು ಎತ್ತರಕ್ಕೆ ನನ್ನನ್ನು ಕಟ್ಟಿದರು. ಬೇಲಿಯಾಚೆ ಚರ್ಚಿನ ದಾರಿ. ಸೋಮವಾರ ಊರಿಗೆ ಊರೇ ಬಟ್ಟೆ ಒಗೆಯುತ್ತಿತ್ತು. ಭಾನುವಾರ ಮಾತ್ರ ಯಾರೂ ಒಂದು ಕರವಸ್ತ್ರವನ್ನೂ ಒಣಹಾಕುತ್ತಿರಲಿಲ್ಲ. ದೇವರ ದಿನ ಕೆಲಸ ಮಾಡುವುದು ಅಲ್ಲಿ ಕಳ್ಳತನಕ್ಕಿಂತ ಕೀಳು. ನನಗಂತೂ ಅಂದು ಪೂರಾ ರಜೆ.

ಜರ್ಮನ್ ಸೈನ್ಯ ದೇಶವನ್ನು ಹಿಡಿದ ಮೂರನೆಯ ವರ್ಷ, ಆಮ್‌ಸ್ಟರ್‌ಡ್ಯಾಮಿನ ಒಂದು ಯಹೂದಿ ಕುಟುಂಬ ಆಲ್ಚೆಯ ಅಟ್ಟ ಸೇರಿತು: ರೋಸೆಟ್, ಅವಳ ಗಂಡ, ನಾಲ್ಕು ವರ್ಷದ ಮಗಳು ಹೆಟ್ಟಿ. ಸಿಕ್ಕಿಬಿದ್ದರೆ ಬಚ್ಚಿಟ್ಟವರಿಗೂ ಉಳಿಗಾಲವಿರಲಿಲ್ಲ. ಕಿಟಕಿಯ ಹತ್ತಿರ ಹೋಗಬಾರದು, ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಬೇಕು, ಮಗುವಿನ ಬಟ್ಟೆ ಹಿತ್ತಿಲಿಗೆ ತರಲೇಬಾರದು ಎಂದು ಆಲ್ಚೆ ಒಂದೊಂದನ್ನೂ ಹೇಳಿಕೊಟ್ಟಳು. ಹೆಟ್ಟಿಯ ಲಂಗ ಒಣಗಿಸಲು ನನ್ನನ್ನೇ ಬಿಚ್ಚಿ ಅಟ್ಟದಲ್ಲಿ ಕಟ್ಟುತ್ತಿದ್ದಳು. ಆ ಹುಡುಗಿ ನನ್ನ ತುದಿಗೊಂದು ಗಂಟು ಹಾಕಿ, ಅದೇ ತನ್ನ ಬೊಂಬೆ ಎಂದಳು. ನನಗೆ ಅವಳೆಂದರೆ ಪ್ರಾಣ.

ಹದಿನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಭಾನುವಾರ ಆಲ್ಚೆ, ಹಾರ್ಮ್ ಇಬ್ಬರೂ ಚರ್ಚಿಗೆ ಹೋಗಿದ್ದಾಗ ಹೆಟ್ಟಿ ಹಾಸಿಗೆ ಒದ್ದೆ ಮಾಡಿದಳು. ಆಲ್ಚೆಯ ಬಿರುಕುಬಿಟ್ಟ ಕೈಗಳನ್ನು ನೋಡಿ ರೋಸೆಟ್ ದಿನಾ ಸಂಕಟಪಡುತ್ತಿದ್ದವಳು. ಊರೆಲ್ಲ ಚರ್ಚಿನಲ್ಲಿದೆ, ತನ್ನನ್ನು ಯಾರೂ ನೋಡುವುದಿಲ್ಲ, ದುಪ್ಪಟಿ ಹೇಗೂ ಈ ಮನೆಯದೇ ಎಂದುಕೊಂಡು ಒಗೆದು, ನನ್ನ ಮೇಲೆ ಹರವಿ, ಅಟ್ಟಕ್ಕೆ ಓಡಿದಳು. ಯಹೂದಿಗಳ ಪದ್ಧತಿಯಂತೆ ಶನಿವಾರ ವಿಶ್ರಮಿಸುವ ಪಟ್ಟಣದವಳಿಗೆ ಭಾನುವಾರ ಒಂದು ಮಾಮೂಲಿ ದಿನ. ದುಪ್ಪಟಿ ಬೇಲಿಯ ಮೇಲೆ ಬೆಳ್ಳಗೆ ಹಾರಾಡಿತು. ನಾನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.

ಚರ್ಚು ಬಿಟ್ಟಿತು. ದಾರಿಯಲ್ಲಿ ಜನ ನಿಂತರು. ಆಲ್ಚೆ ಮತ್ತು ಹಾರ್ಮ್ ಎಲ್ಲರ ಕಣ್ಣೆದುರೇ ಪ್ರಾರ್ಥನೆಗೆ ಕೂತಿದ್ದರು. ಹಾಗಾದರೆ ಇದನ್ನು ಹರವಿದ್ದು ಯಾರು? ಬಾಯಿಬಿಟ್ಟು ಯಾರೂ ಕೇಳಲಿಲ್ಲ, ಅದೇ ಭಯ ಹುಟ್ಟಿಸಿತು. ಆಲ್ಚೆ ಒಳಗೆ ಬಂದಾಗ ರೋಸೆಟ್ ಕುಸಿದು ಅತ್ತಳು. "ತಪ್ಪು ನಿಂದಲ್ಲ ಕಣೆ," ಎಂದಳು ಆಲ್ಚೆ. "ಇದನ್ನೂ ಒಬ್ರಿಗೆ ಹೇಳಿಕೊಡಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಹಾರ್ಮ್ ಬೇರೆ ಜಾಗ ಹುಡುಕಿ ಬರುವಷ್ಟರಲ್ಲಿ ಪೊಲೀಸರ ಲಾರಿ ಬಾಗಿಲಲ್ಲಿತ್ತು. ಮನೆಯ ಯಜಮಾನನೆಂದು ಮೂವರ ಜೊತೆ ಅವನನ್ನೂ ಒಯ್ದರು; ಆಲ್ಚೆಯನ್ನು ಬಿಟ್ಟುಹೋದರು. ನಾಲ್ವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಸುಳಿವು ಕೊಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ಆಲ್ಚೆ ಪ್ರತಿ ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಒಂದು ಒದ್ದೆ ದುಪ್ಪಟಿಯನ್ನು ನನ್ನ ಮೇಲೆ ಹರವತೊಡಗಿದಳು. ಊರು ಮುಖ ತಿರುಗಿಸಿತು. ಪಾದ್ರಿಗಳು ಮನೆಗೇ ಬಂದು ಬುದ್ಧಿ ಹೇಳಿದರು.

"ಮೊದಲಿಂದ್ಲೂ ನಾನು ಹೀಗೆ ಹಾಕ್ತಿದ್ದಿದ್ರೆ, ಪಾದ್ರಿಗಳೇ, ಆವತ್ತು ಯಾರೂ ನಿಂತು ನೋಡ್ತಿರಲಿಲ್ಲ," ಎಂದಳು ಅವಳು. ಅವರು ಟೋಪಿ ಎತ್ತಿಕೊಂಡು ಹೊರಟುಹೋದರು.

ಹದಿನೇಳು ವರ್ಷ ಆ ದುಪ್ಪಟಿ ಹೊತ್ತೆ. ನಾರು ಸವೆದಿತ್ತು. ಒಂದು ಭಾನುವಾರ ಹರಿದುಬಿದ್ದೆ. ದುಪ್ಪಟಿ ಬೇಲಿಯ ಮರೆಯಲ್ಲಿ ಹುಲ್ಲಿನ ಮೇಲೆ ಬಿತ್ತು. ಚರ್ಚಿನಿಂದ ಬಂದವರು ರೂಢಿಯಂತೆ ಇತ್ತ ಕಣ್ಣು ಹಾಯಿಸಿದರು, ಏನೂ ಕಾಣದೆ ಮಾತಾಡುತ್ತ ಮುಂದೆ ಹೋದರು.

ಆಲ್ಚೆ ನನ್ನನ್ನು ಎಸೆಯಲಿಲ್ಲ. ಸುರುಳಿ ಸುತ್ತಿ ಅಟ್ಟದ ಮೂಲೆಯಲ್ಲಿಟ್ಟಿದ್ದಾಳೆ. ಹೆಟ್ಟಿ ಹಾಕಿದ ಗಂಟು ಹಾಗೇ ಇದೆ. ಹರಿಯದಿರುವುದೇ ದೊಡ್ಡ ಗುಣ ಎಂದು ನಂಬಿದ್ದೆ. ಆ ಒಂದು ಭಾನುವಾರ ಹರಿದುಬಿದ್ದಿದ್ದರೆ, ಅವರೆಲ್ಲ ಹೀಗೇ ಮಾತಾಡುತ್ತ ಮುಂದೆ ಹೋಗುತ್ತಿದ್ದರು.